ಎರಡು ಗಂಟೆಗೊಂದು ಅಲಾರಂ: ಕೆಮ್‌ಸೆಕ್ಸ್ ಸಹಾಯ ಕೇಳಿ ಬಂದ ಒಬ್ಬರ ಪ್ರಕರಣ

ಅವರು ಮೊದಲು ತೋರಿಸಿದ್ದು ಫೋನಿನಲ್ಲಿದ್ದ ಅಲಾರಂ ಪಟ್ಟಿ. ರಾತ್ರಿ 10, 12, 2, 4, 6. ಹಗಲಿಗೂ ಹಾಗೇ, ಎರಡು ಗಂಟೆಗೊಂದು. ಯಾವುದಕ್ಕೂ ಹೆಸರು ಕೊಟ್ಟಿರಲಿಲ್ಲ. ಹೆಸರಿನ ಜಾಗದಲ್ಲಿ ಬರೀ ಒಂದೊಂದು ಚುಕ್ಕಿ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದೆ.

"ಐದು ವಾರ ಆಯ್ತು ಮೇಡಂ. ಒಂದು ಅಲಾರಂ ತಪ್ಪಿದ್ರೂ ಕೈ ನಡುಗೋಕೆ ಶುರುವಾಗುತ್ತೆ."

ಎರಡೂ ಕೈ ಮುಂದೆ ಚಾಚಿದರು. ಬೆರಳ ತುದಿ ಸಣ್ಣಗೆ ಅದುರುತ್ತಿತ್ತು. ಕೊನೆಯ ಡೋಸ್ ಆಗಿ ಒಂದೂ ಮುಕ್ಕಾಲು ಗಂಟೆ ಆಗಿತ್ತು.

ನಾನು ಲೈಂಗಿಕ ಆರೋಗ್ಯ ಕ್ಲಿನಿಕ್ ಒಂದರಲ್ಲಿ ಆಪ್ತ ಸಮಾಲೋಚಕಿ. ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿ ಬರೆಯುತ್ತಿದ್ದೇನೆ. ವಯಸ್ಸು 34 ಎಂದಿಟ್ಟುಕೊಳ್ಳಿ. ಒಂಟಿಯಾಗಿ ಇರುತ್ತಾರೆ, ಒಳ್ಳೆಯ ಕೆಲಸದಲ್ಲಿದ್ದಾರೆ, ಗೇ. ಮನೆಯಲ್ಲಿ ಅಕ್ಕನಿಗೆ ಮಾತ್ರ ಗೊತ್ತು, ಅದೂ ಅರ್ಧ.

ಕೆಮ್‌ಸೆಕ್ಸ್ ಅಂದರೆ ಡ್ರಗ್ಸ್ ತಗೊಂಡು ಸೆಕ್ಸ್ ಮಾಡುವುದು ಎಂದು ಸುಮ್ನೆ ಹೇಳಿಬಿಡಬಹುದು. ಆದರೆ ಈ ಪದ ಹುಟ್ಟಿದ್ದು ಗೇ ಗಂಡಸರ ನಡುವೆ, ಕೆಲವೇ ಡ್ರಗ್‌ಗಳ ಸುತ್ತ. ಕ್ರಿಸ್ಟಲ್ ಮೆತ್, ಮೆಫೆಡ್ರೋನ್, ಮತ್ತೆ ಜಿ. ಮೆತ್ ನಿದ್ದೆ, ಹಸಿವು ಎರಡನ್ನೂ ಓಡಿಸುತ್ತದೆ. ಹಾಗಾಗಿ ಪಾರ್ಟಿ ಒಂದು ರಾತ್ರಿಗೆ ಮುಗಿಯದೆ ಎರಡು ಮೂರು ದಿನ ಎಳೆಯುತ್ತದೆ. ಜಿ ಅಂದರೆ ಜಿಎಚ್‌ಬಿ ಅಥವಾ ಜಿಬಿಎಲ್, ನೀರಿನ ಹಾಗೆ ಕಾಣುವ ದ್ರವ. ಜಿಬಿಎಲ್ ದೇಹದ ಒಳಗೆ ಹೋದ ಕೂಡಲೇ ಜಿಎಚ್‌ಬಿಯೇ ಆಗುತ್ತದೆ. ಸಂಕೋಚ ಕಳಚುತ್ತದೆ, ಮೈ ಹಗುರಾಗುತ್ತದೆ. ಹಾಯೆನಿಸುವ ಅಳತೆಗೂ ಪ್ರಜ್ಞೆ ತಪ್ಪಿಸುವ ಅಳತೆಗೂ ನಡುವೆ ಅಂತರ ತೀರಾ ಕಡಿಮೆ. ಜೊತೆಗೆ ಮದ್ಯ ಬಿದ್ದರೆ ಆ ಅಂತರವೂ ಉಳಿಯುವುದಿಲ್ಲ.

ಇವರದ್ದು ಮೂರು ವರ್ಷದ ಕಥೆ. ಮೊದಲು ಎರಡು ತಿಂಗಳಿಗೊಂದು ಪಾರ್ಟಿ. ಆಮೇಲೆ ಪ್ರತಿ ಶುಕ್ರವಾರದಿಂದ ಭಾನುವಾರ. ಭಾನುವಾರ ರಾತ್ರಿ ಮೆತ್ ಇಳಿಯದೆ ನಿದ್ದೆ ಬರುತ್ತಿರಲಿಲ್ಲ, ನಿದ್ದೆಗೆಂದು ಸ್ವಲ್ಪ ಜಿ. ಸೋಮವಾರ ಎದೆ ಡವಡವ ಎಂದಿತು, ಅದಕ್ಕೂ ಸ್ವಲ್ಪ ಜಿ. ಹೀಗೆ ಒಂದು ದಿನ ನೋಡಿದರೆ ವಾರಾಂತ್ಯ, ವಾರದ ದಿನ ಎಂಬ ವ್ಯತ್ಯಾಸವೇ ಇಲ್ಲ. ಎರಡು ಗಂಟೆಗೊಂದು ಡೋಸ್ ಜಿ, ಅದಕ್ಕೇ ಆ ಅಲಾರಂಗಳು. ಈ ದಾರಿ ನನಗೆ ಚೆನ್ನಾಗಿ ಗೊತ್ತು. ಮೋಜಿಗೆ ಶುರುವಾದದ್ದು ನಿದ್ದೆಯ ಔಷಧವಾಗಿ ಮನೆಯೊಳಗೆ ಬರುತ್ತದೆ. ಆ ತಿರುವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ.

ನಮ್ಮಲ್ಲಿಗೆ ಬರುವುದಕ್ಕೆ ಎರಡು ವಾರ ಮುಂಚೆ ಅವರು ಬೇರೊಂದು ಚಿಕಿತ್ಸಾ ಕೇಂದ್ರಕ್ಕೆ ಹೋಗಿದ್ದರು. ಅಲ್ಲಿ ಹೇಳಿದ್ದು ಒಂದೇ ಮಾತು: "ಮೊದಲು ಎಲ್ಲ ನಿಲ್ಲಿಸಿ, ಎರಡು ವಾರ ಕ್ಲೀನಾಗಿರಿ, ಆಮೇಲೆ ಬನ್ನಿ."

ಅವರು ಆ ಮಾತನ್ನು ನಂಬಿದರು. ಮನೆಗೆ ಬಂದು ಬಾಟಲಿ ಸಿಂಕಿಗೆ ಸುರಿದು ಮಲಗಿದರು. ಆರು ಗಂಟೆಯೊಳಗೆ ಬಟ್ಟೆ ಬೆವರಿನಲ್ಲಿ ತೊಯ್ದು ಹೋಯಿತು. ಮಾರನೆಯ ರಾತ್ರಿ ಗೋಡೆಯ ಮೇಲೆ ಹುಳ ಹರಿದಾಡುವುದು ಕಂಡಿತು. ಅವನ್ನು ಟವೆಲ್‌ನಿಂದ ಒರೆಸುತ್ತಾ ಕೂತಿದ್ದರಂತೆ. ಫೋನ್ ಎತ್ತಲಿಲ್ಲ ಎಂದು ಹುಡುಕಿಕೊಂಡು ಬಂದ ಗೆಳೆಯ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋದ. ಅಲ್ಲಿ ಮೂತ್ರ ಪರೀಕ್ಷೆ ಮಾಡಿದರು, ಜಿ ಕಾಣಲಿಲ್ಲ. ಕಾಣುವುದೂ ಇಲ್ಲ. ಜಿ ದೇಹದಿಂದ ಅರ್ಧ ದಿನದೊಳಗೆ ಹೊರಟುಹೋಗುತ್ತದೆ, ಮಾಮೂಲಿ ಡ್ರಗ್ ಪರೀಕ್ಷೆಯಲ್ಲಿ ಅದನ್ನು ಹುಡುಕುವುದೇ ಇಲ್ಲ. ಗಾಬರಿಯಾಗಿದೆ ಎಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗಿನ ಜಾವ ಅವರು ಯಾರಿಂದಲೋ ಜಿ ತರಿಸಿ ತಗೊಂಡರು. ಇಪ್ಪತ್ತು ನಿಮಿಷದಲ್ಲಿ ನಡುಕ ನಿಂತಿತು.

"ಆವತ್ತೇ ಗೊತ್ತಾಯ್ತು ಮೇಡಂ, ನನ್ನ ಕೈಲಿ ಆಗಲ್ಲ ಅಂತ" ಎಂದರು.

ಇದನ್ನು ಕೇಳಿ ನನಗೆ ಆದ ಸಂಕಟ ಇನ್ನೂ ಹೋಗಿಲ್ಲ. ಅದು ಮನೋಬಲದ ಪ್ರಶ್ನೆ ಆಗಿರಲೇ ಇಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯೂ ಜಿ ತಗೊಳ್ಳುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ಗಾಬರಿ ಶುರುವಾಗುತ್ತದೆ. ಅದು ಭ್ರಮೆಗೆ, ಸನ್ನಿಗೆ, ಫಿಟ್ಸ್‌ಗೆ ಹೋಗಬಹುದು. ಜೀವವೂ ಹೋಗಬಹುದು. ತೀವ್ರ ಮದ್ಯ ವ್ಯಸನಿ ಒಮ್ಮೆಲೇ ಕುಡಿತ ಬಿಟ್ಟಾಗ ಆಗುವುದಕ್ಕೆ ತುಂಬಾ ಹತ್ತಿರ, ಆದರೆ ಅದಕ್ಕಿಂತ ಬೇಗ ಏರುತ್ತದೆ. "ನಿಲ್ಲಿಸಿ ಬನ್ನಿ" ಎಂಬುದು ಒಳ್ಳೆಯ ಉದ್ದೇಶದಿಂದ ಹೇಳಿದ ಮಾತೇ ಇರಬಹುದು. ಆದರೂ ಅವರ ಪ್ರಾಣಕ್ಕೆ ಅಪಾಯ ತಂದದ್ದು ಆ ಮಾತೇ.

ಮೊದಲ ದಿನ ನಾವು ಮಾಡಿದ್ದು

ಅವರು ಬಂದದ್ದು ಜಿ ಬಿಡಿಸಿ ಎಂದು ಕೇಳಲು ಅಲ್ಲ, ಪೆಪ್ ಕೇಳಲು. ಶನಿವಾರ ರಾತ್ರಿ ಪಾರ್ಟಿ ಆಗಿತ್ತು, ಕಾಂಡೋಮ್ ಹಾಕಿದ್ದು ನೆನಪಿಲ್ಲ. ಇದು ಸೋಮವಾರ ಮಧ್ಯಾಹ್ನ. ಎಚ್‌ಐವಿ ತಗುಲಿರಬಹುದು ಎಂಬ ಅನುಮಾನ ಇದ್ದಾಗ 72 ಗಂಟೆಯೊಳಗೆ ಶುರುಮಾಡಿ 28 ದಿನ ತಪ್ಪದೆ ತಗೊಳ್ಳುವ ಮಾತ್ರೆ ಪೆಪ್. ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು. ಡಾಕ್ಟರ್ ಅಲ್ಲೇ ಮೊದಲ ಮಾತ್ರೆ ಕೊಟ್ಟರು. ಮಾತ್ರೆ ಆಯ್ಕೆ ಮಾಡುವಾಗ ಒಂದು ಎಚ್ಚರ ವಹಿಸಿದರು. ರಿಟೋನಾವಿರ್, ಕೋಬಿಸಿಸ್ಟಾಟ್ ಎಂಬ ಔಷಧಗಳನ್ನು ಬೇರೆ ಎಚ್‌ಐವಿ ಔಷಧ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯಲಿ ಎಂದು ಸೇರಿಸುತ್ತಾರೆ. ಅವು ಇದ್ದರೆ ಮೆತ್, ಜಿ ಕೂಡ ದೇಹದಲ್ಲಿ ಅಂದಾಜು ಮೀರಿ ಏರಬಹುದು. ಅವಿಲ್ಲದ ಮಾತ್ರೆ ಕೊಟ್ಟರು. ಡ್ರಗ್ಸ್ ವಿಷಯ ಡಾಕ್ಟರ್ ಹತ್ತಿರ ಮುಚ್ಚಿಟ್ಟರೆ ಇಂಥದ್ದು ತಪ್ಪಿಹೋಗುತ್ತದೆ. ಮುಚ್ಚಿಡುವ ಹಾಗೆ ಮಾಡುವುದು ಹೆಚ್ಚಾಗಿ ನಮ್ಮ ಮುಖಭಾವವೇ, ಅಲ್ವಾ?

ಜಿ ಇಳಿಸಲು ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲು ನಾಲ್ಕು ದಿನ ಬೇಕಿತ್ತು. ಆ ನಾಲ್ಕು ದಿನಕ್ಕೆ ನಾವು ಹೇಳಿದ್ದು ಕೇಳಿ ಅವರಿಗೇ ಆಶ್ಚರ್ಯ.

"ನಿಲ್ಲಿಸಬೇಡಿ. ಈಗ ಎಷ್ಟು, ಎಷ್ಟು ಹೊತ್ತಿಗೆ ತಗೊಳ್ತಿದ್ದೀರೋ ಹಾಗೇ ಮುಂದುವರಿಸಿ. ಜಾಸ್ತಿ ಮಾಡಬೇಡಿ."

"ನೀವೇ ತಗೋ ಅಂತೀರಾ?"

"ಹಾಸಿಗೆ ಸಿಗೋವರೆಗೆ ನೀವು ಬದುಕಿರಬೇಕು. ಅದಕ್ಕೆ."

ಇದನ್ನು ಓದಿ ಕೆಲವರಿಗೆ ಕೋಪ ಬರಬಹುದು. ಡ್ರಗ್ ಮುಂದುವರಿಸಿ ಎಂದು ಕ್ಲಿನಿಕ್ ಹೇಳುವುದೇ? ಹೌದು, ಈ ಒಂದು ಸ್ಥಿತಿಯಲ್ಲಿ ಅದೇ ಸರಿಯಾದ ಸಲಹೆ. ಹಾನಿ ತಗ್ಗಿಸುವುದು ಎಂಬ ಮಾತಿನ ತಿರುಳೂ ಅದೇ. ಉಳಿದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ. ಬಾಟಲಿಯಿಂದ ನೇರ ಗುಟುಕು ಬೇಡ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದೇ ತಗೊಳ್ಳಿ. ತಗೊಂಡ ಸಮಯ ಬರೆದಿಡಿ. ರಾತ್ರಿ ಯಾರಾದರೂ ಜೊತೆಗಿರಲಿ. ಗೋಡೆಯ ಮೇಲೆ ಹುಳ ಕಂಡರೆ, ಫಿಟ್ಸ್ ಬಂದರೆ ಆಂಬುಲೆನ್ಸ್ ಕರೆಯಿರಿ, ಜಿ ಹೆಸರು ಹೇಳಿ. ಅದೇ ಗೆಳೆಯ ನಾಲ್ಕು ರಾತ್ರಿ ಅವರ ಮನೆಯ ಸೋಫಾದಲ್ಲಿ ಮಲಗಿದ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಗಾಬರಿ, ಫಿಟ್ಸ್ ತಡೆಯುವ ಡಯಜೆಪಾಮ್ ದೊಡ್ಡ ಪ್ರಮಾಣದಲ್ಲಿ ಶುರುಮಾಡಿ ದಿನದಿನಕ್ಕೆ ಇಳಿಸಿದರು, ಜೊತೆಗೆ ಸ್ನಾಯು ಸಡಿಲಿಸುವ ಬ್ಯಾಕ್ಲೊಫೆನ್. ನೆದರ್‌ಲ್ಯಾಂಡ್ಸ್‌ನಲ್ಲಿ ಔಷಧ ದರ್ಜೆಯ ಜಿಎಚ್‌ಬಿಯನ್ನೇ ಅಳತೆಯಲ್ಲಿ ಕೊಟ್ಟು ಹಂತ ಹಂತವಾಗಿ ಇಳಿಸುವ ಕ್ರಮವೂ ಇದೆ. ದಾರಿ ಯಾವುದಾದರೂ ಇರಲಿ, ಪಕ್ಕದಲ್ಲಿ ವೈದ್ಯರು ಇರಬೇಕು.

ಆ ಶನಿವಾರದ ಗೊರಕೆ

ಆಸ್ಪತ್ರೆಯಿಂದ ಬಂದ ಮೇಲೆ ವಾರಕ್ಕೊಮ್ಮೆ ಭೇಟಿಯಾದೆವು. ಎರಡನೇ ಭೇಟಿಯಲ್ಲಿ ಒಂದು ರಾತ್ರಿಯ ವಿಷಯ ತಾವಾಗಿಯೇ ತೆಗೆದರು.

ಪಾರ್ಟಿಯಲ್ಲಿ ಒಬ್ಬ ಹುಡುಗ ಜಿ ತಗೊಂಡಿದ್ದ. ಅರ್ಧ ಗಂಟೆ ಆದರೂ ಏನೂ ಆಗಲಿಲ್ಲ ಎಂದು ಇನ್ನೊಂದು ಡೋಸ್ ತಗೊಂಡ. ಅದಕ್ಕೂ ಮುಂಚೆ ಕುಡಿದಿದ್ದ. ಸ್ವಲ್ಪ ಹೊತ್ತಿಗೆ ಕುಸಿದುಬಿದ್ದ. ಜೋರಾಗಿ ಗೊರಕೆ ಹೊಡೆಯತೊಡಗಿದ. "ಮಲ್ಕೊಂಡಿದ್ದಾನೆ ಬಿಡು, ಜಿ ನಿದ್ದೆ ಅದು" ಎಂದು ಪಕ್ಕದ ಕೋಣೆಗೆ ಹೋದರು ಉಳಿದವರು. ಇವರು ಮಾತ್ರ ಅವನನ್ನು ಪಕ್ಕಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಉಸಿರು ಎಣಿಸುತ್ತಾ ಕೂತರು. ಬೆಳಗಿನವರೆಗೆ. ಆಂಬುಲೆನ್ಸ್ ಕರೆಯಲು ಯಾರೂ ಬಿಡಲಿಲ್ಲ. ಪೊಲೀಸ್ ಬರುತ್ತಾರೆ ಎಂಬ ಭಯ.

ಹುಡುಗ ಬದುಕಿದ. ಆದರೆ ಎಬ್ಬಿಸಿದರೂ ಏಳದವನ ಗೊರಕೆ ನಿದ್ದೆಯ ಲಕ್ಷಣ ಅಲ್ಲ, ಉಸಿರಿನ ದಾರಿ ಅರ್ಧ ಮುಚ್ಚಿದೆ ಎಂಬ ಸೂಚನೆ. ವಾಂತಿ ಬಂದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಜಿಗೆ ಪ್ರತ್ಯೌಷಧ ಇಲ್ಲ. ಓವರ್‌ಡೋಸ್ ಆದಾಗ ಕೊಡುವ ನಲಾಕ್ಸೋನ್ ಹೆರಾಯಿನ್‌ನಂಥ ಓಪಿಯಾಯ್ಡ್‌ಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಏನು ತಗೊಂಡಿದ್ದಾರೋ ಗೊತ್ತಿಲ್ಲದಿದ್ದರೆ ಕೊಡಬಹುದು, ಆದರೆ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಪಕ್ಕಕ್ಕೆ ಹೊರಳಿಸಬೇಕು, ಬಿಟ್ಟು ಹೋಗಬಾರದು, ಆಂಬುಲೆನ್ಸ್ ಕರೆಯಬೇಕು, ಏನು ತಗೊಂಡಿದ್ದಾರೆ ಎಂದು ನಿಜ ಹೇಳಬೇಕು. ಇವರು ಗೊತ್ತಿಲ್ಲದೆಯೇ ಮೊದಲ ಎರಡನ್ನು ಸರಿಯಾಗಿ ಮಾಡಿದ್ದರು. ಅದನ್ನು ಹೇಳಿದಾಗ ಅತ್ತರು. ಮೂರು ವರ್ಷದಲ್ಲಿ ಆ ಪಾರ್ಟಿಗಳ ವಿಷಯದಲ್ಲಿ "ನೀವು ಒಳ್ಳೇದು ಮಾಡಿದ್ರಿ" ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಅದೇ ದಿನ, ಎದ್ದು ಹೋಗುವ ಮುಂಚೆ ಬಾಗಿಲ ಬಳಿ ನಿಂತು ಇನ್ನೊಂದು ಮಾತು ಹೇಳಿದರು. ಒಮ್ಮೆ ತಾವೂ ಹಾಗೇ ಪ್ರಜ್ಞೆ ತಪ್ಪಿದ್ದರಂತೆ. ಎಚ್ಚರವಾದಾಗ ಯಾರೋ ಒಬ್ಬ ಮೈಮೇಲೆ ಇದ್ದ. "ನಾನೇ ಹೋಗಿದ್ದಲ್ವಾ ಅಲ್ಲಿಗೆ. ಒಪ್ಪಿದ ಹಾಗೇ ಅಲ್ವಾ ಮೇಡಂ?"

ಅಲ್ಲ. ಪ್ರಜ್ಞೆ ಇಲ್ಲದವರು ಒಪ್ಪಲು ಸಾಧ್ಯವಿಲ್ಲ. ಪಾರ್ಟಿಗೆ ಹೋಗಿದ್ದು ಒಪ್ಪಿಗೆ ಅಲ್ಲ, ಮೊದಲು ಒಪ್ಪಿದ್ದೂ ಆ ಹೊತ್ತಿನ ಒಪ್ಪಿಗೆ ಅಲ್ಲ. ಅಷ್ಟು ಮಾತ್ರ ಹೇಳಿದೆ. ದೂರು ಕೊಡುವುದು, ಬಿಡುವುದು ಅವರ ಆಯ್ಕೆ. ಯಾವ ದಿನ ಕೇಳಿದರೂ ಜೊತೆಗೆ ಬರುತ್ತೇವೆ ಎಂದೆ. ಅವರು ದೂರು ಕೊಡಲಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ಕೆಲಸ ಮಾಡುವ ಸಹೋದ್ಯೋಗಿಯ ಬಳಿ ಆರು ಬಾರಿ ಹೋಗಿಬಂದರು. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಲಿ.

ನಾನು ಕೇಳದೇ ಬಿಟ್ಟದ್ದು

ಮೂರು ಭೇಟಿ ನಾವು ಡ್ರಗ್ಸ್ ಬಗ್ಗೆಯೇ ಮಾತಾಡಿದೆವು. ಸೆಕ್ಸ್ ಬಗ್ಗೆ ನಾನು ಕೇಳಲೇ ಇಲ್ಲ. ಇದು ನನ್ನ ತಪ್ಪು. ಮೆತ್ ಬಿಟ್ಟು ಐದು ವಾರ ಆದಾಗ ಅವರೇ ಹೇಳಿದರು: "ಡ್ರಗ್ಸ್ ಇಲ್ದೆ ಒಬ್ಬರನ್ನ ಮುಟ್ಟೋಕೂ ಭಯ ಆಗುತ್ತೆ."

ಇದಕ್ಕೇ ಅಲ್ಲವೇ ಕೆಮ್‌ಸೆಕ್ಸ್ ಸೇವೆ ಬೇರೆಯದೇ ಇರಬೇಕು ಎನ್ನುವುದು. ಲಂಡನ್ನಿನ 56 ಡೀನ್ ಸ್ಟ್ರೀಟ್ ಎಂಬ ಲೈಂಗಿಕ ಆರೋಗ್ಯ ಕ್ಲಿನಿಕ್‌ನಲ್ಲಿ ಡೇವಿಡ್ ಸ್ಟುವರ್ಟ್ ಎಂಬವರು ಈ ಕೆಲಸಕ್ಕೆ ದಾರಿ ಮಾಡಿದರು. ಕೆಮ್‌ಸೆಕ್ಸ್ ಎಂಬ ಪದ ಜಗತ್ತಿಗೆ ಹಬ್ಬಿದ್ದರಲ್ಲೂ ಅವರ ಪಾಲು ದೊಡ್ಡದು. 2022ರಲ್ಲಿ ತೀರಿಕೊಂಡರು. ಡ್ರಗ್ಸ್, ಸೆಕ್ಸ್, ನಾಚಿಕೆ, ಒಂಟಿತನ ಇವನ್ನು ನಾಲ್ಕು ಬೇರೆ ಬೇರೆ ಕೌಂಟರಿಗೆ ಕಳಿಸದೆ ಒಂದೇ ಕೋಣೆಯಲ್ಲಿ ಮಾತಾಡಬೇಕು ಎಂಬುದನ್ನು ನಮ್ಮಂಥವರು ಕಲಿತದ್ದು ಅಂಥ ಕೆಲಸದಿಂದಲೇ. ಡ್ರಗ್ಸ್ ಕೇಂದ್ರದವರಿಗೆ ಸೆಕ್ಸ್ ಮಾತು ಮುಜುಗರ, ಎಚ್‌ಐವಿ ಕ್ಲಿನಿಕ್‌ನವರಿಗೆ ಡ್ರಗ್ಸ್ ಗೊತ್ತಿಲ್ಲ. ಬಂದವರು ಎರಡರ ನಡುವೆ ಬಿದ್ದುಹೋಗುತ್ತಾರೆ.

ಅಲ್ಲಿಂದ ನಮ್ಮ ಮಾತು ಬೇರೆಯಾಯಿತು. ಹದಿನಾರನೇ ವಯಸ್ಸಿನಿಂದ "ನಿನ್ನ ಆಸೆಯೇ ಕೊಳಕು" ಎಂದು ಕೇಳಿಸಿಕೊಂಡು ಬೆಳೆದ ಹುಡುಗನಿಗೆ, ಆ ದನಿಯನ್ನು ಮೊದಲ ಸಲ ಅಡಗಿಸಿದ್ದು ಜಿ ಮತ್ತು ಮೆತ್. ಅದನ್ನು ಕಸಿದುಕೊಂಡು ಬದಲಿಗೆ ಏನೂ ಕೊಡದಿದ್ದರೆ ಅವರು ಎಲ್ಲಿ ನಿಲ್ಲಬೇಕು? ನಾವು ತೀರಾ ಸಣ್ಣದರಿಂದ ಶುರುಮಾಡಿದೆವು. ಆಪ್‌ನಲ್ಲಿ ಮಾತಾಡಿ ಹಗಲು ಹೊತ್ತಿನಲ್ಲಿ ಒಬ್ಬರನ್ನು ಭೇಟಿಯಾಗುವುದು, ಒಂದು ಗಂಟೆ ನಡೆದಾಡಿ ವಾಪಸ್ ಬರುವುದು. ಅಷ್ಟೇ. ಮೊದಲ ಭೇಟಿಯಿಂದ ಹತ್ತು ನಿಮಿಷಕ್ಕೇ ಎದ್ದು ಬಂದರು. ಮೂರನೆಯದಕ್ಕೆ ಎರಡು ಗಂಟೆ ಕೂತರು.

ಮೆತ್ ಚಟಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಗಟ್ಟಿ ಪುರಾವೆ ಇರುವುದು ಪರೀಕ್ಷೆಯಲ್ಲಿ ಡ್ರಗ್ ಕಾಣದ ಪ್ರತಿ ಸಲವೂ ಸಣ್ಣ ಬಹುಮಾನ ಕೊಡುವ ಕ್ರಮಕ್ಕೆ. ನಮ್ಮಲ್ಲಿ ಅದಿಲ್ಲ. ಹಾಗಾಗಿ ಆಸೆ ಏಳುವ ಹೊತ್ತನ್ನು ಹಿಡಿಯಲು ಕಲಿತೆವು. ಅವರಿಗೆ ಅದು ಶುಕ್ರವಾರ ಸಂಜೆ, ಲ್ಯಾಪ್‌ಟಾಪ್ ಮುಚ್ಚಿದ ಮೊದಲ ಅರ್ಧ ಗಂಟೆ. ಆ ಅರ್ಧ ಗಂಟೆಗೆ ಗೆಳೆಯನಿಗೆ ಫೋನ್ ಮಾಡುವುದು ಎಂದು ನಿಗದಿಯಾಯಿತು. ಜನ್ಮಪೂರ್ತಿ ಬಿಡುತ್ತೇನೆ ಎಂಬ ಮಾತು ನಾವು ಆಡಲಿಲ್ಲ. ಈ ನಾಲ್ಕು ವಾರ, ಆಮೇಲೆ ನೋಡೋಣ ಎಂದೇ ಹೋದೆವು.

ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಬಂದಿತ್ತು. ಮೂಗಿನಿಂದ ಎಳೆಯಲು ಒಂದೇ ನಳಿಕೆ ಹಂಚಿಕೊಂಡಿದ್ದರು. ನಾಲ್ಕೈದು ಸಲ ಸ್ಲ್ಯಾಮ್ ಕೂಡ ಮಾಡಿದ್ದರು, ಅಂದರೆ ರಕ್ತನಾಳಕ್ಕೆ ಚುಚ್ಚಿಕೊಳ್ಳುವುದು. ಚುಚ್ಚಿದ್ದು ಪ್ರತಿ ಸಲ ಬೇರೆಯವರ ಕೈ, ಸೂಜಿ ಯಾರದ್ದು ಎಂದು ಗೊತ್ತಿಲ್ಲ. ಹೆಪಟೈಟಿಸ್ ಸಿ ಈಗ ಮಾತ್ರೆಯಲ್ಲೇ ವಾಸಿಯಾಗುತ್ತದೆ. 8ರಿಂದ 12 ವಾರ ತಗೊಂಡರೆ ನೂರರಲ್ಲಿ 95ಕ್ಕೂ ಜಾಸ್ತಿ ಜನಕ್ಕೆ ಗುಣ. ಆದರೆ ಒಮ್ಮೆ ವಾಸಿಯಾದರೆ ಮತ್ತೆ ಬರುವುದಿಲ್ಲ ಎಂದೇನಿಲ್ಲ. ಇವರು 12 ವಾರ ತಗೊಂಡರು, ಚಿಕಿತ್ಸೆ ಮುಗಿದು 12 ವಾರದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಎಚ್‌ಐವಿಯೂ ಇಲ್ಲ. ಪೆಪ್ ಮುಗಿದ ಮಾರನೇ ದಿನದಿಂದ ದಿನಕ್ಕೊಂದು ಪ್ರೆಪ್ ಮಾತ್ರೆ, ಅಂದರೆ ಎಚ್‌ಐವಿ ತಗುಲದ ಹಾಗೆ ಮೊದಲೇ ತಗೊಳ್ಳುವುದು. ನೆನಪಿಗೆ ಅಲಾರಂ ಇಡೋಣವೇ ಎಂದೆ. ಬೇಡ ಎಂದರು, ಆ ಸದ್ದಿಗೆ ಈಗಲೂ ಎದೆ ಹೊಡ್ಕೊಳ್ಳುತ್ತಂತೆ. ಮಾತ್ರೆ ಡಬ್ಬಿಯನ್ನು ಹಲ್ಲುಜ್ಜುವ ಬ್ರಷ್ ಪಕ್ಕ ಇಟ್ಟರು.

ಹದಿನಾಲ್ಕನೇ ವಾರ

ಹದಿನಾಲ್ಕನೇ ವಾರ ಅವರು ಪಾರ್ಟಿಗೆ ಹೋದರು. ಹೋಗುವ ಮುಂಚೆ ನನಗೆ ಮೆಸೇಜ್ ಬಂತು: "ಹೋಗ್ತಿದ್ದೀನಿ. ಬೈಬೇಡಿ."

ಬೈಯಲಿಲ್ಲ. ಹೋಗಬೇಡಿ ಎನ್ನಬೇಕು ಅನ್ನಿಸಿದ್ದು ನಿಜ. ಅದರ ಬದಲು ಮೊದಲೇ ಬರೆದಿಟ್ಟಿದ್ದ ಹಾಳೆ ತೆಗೆದು ನೋಡಿ ಎಂದೆ. ಜಿ ಮುಟ್ಟುವುದಿಲ್ಲ. ಬಿಟ್ಟು ತಿಂಗಳುಗಳಾದ ಮೇಲೆ ದೇಹ ಮೊದಲಿನಷ್ಟು ತಡೆಯುವುದಿಲ್ಲ, ಹಳೇ ಅಳತೆಯೇ ಈಗ ಕೊಲ್ಲಬಹುದು. ನಳಿಕೆ ತಮ್ಮದೇ, ಲ್ಯೂಬ್ ತಮ್ಮದೇ. ಚುಚ್ಚಿಸಿಕೊಳ್ಳುವುದಿಲ್ಲ. ಪಾಪರ್ಸ್ (ಸೆಕ್ಸ್ ಹೊತ್ತಿಗೆ ಮೂಸುವ ಡ್ರಗ್) ಇದ್ದರೆ ವಯಾಗ್ರ ಬೇಡ, ಎರಡೂ ಸೇರಿದರೆ ಬಿಪಿ ಒಮ್ಮೆಲೇ ಕುಸಿಯುತ್ತದೆ. ಭಾನುವಾರ ಬೆಳಗ್ಗೆ 9ಕ್ಕೆ ಗೆಳೆಯ ಬಂದು ಕರೆದುಕೊಂಡು ಹೋಗುತ್ತಾನೆ.

ಅವರು ಭಾನುವಾರ ಬೆಳಗ್ಗೆಯವರೆಗೂ ಇರಲಿಲ್ಲ. ಶನಿವಾರ ರಾತ್ರಿ 11ಕ್ಕೇ ಹೊರಟರು. ಮೆತ್ ತಗೊಂಡಿದ್ದರು, ಜಿ ಮುಟ್ಟಿರಲಿಲ್ಲ. ಮೂರು ದಿನ ಮಂಕಾಗಿದ್ದರು, ಅಕ್ಕಪಕ್ಕದವರು ಗೋಡೆಗೆ ಕಿವಿ ಇಟ್ಟು ತಮ್ಮ ಮಾತು ಕೇಳುತ್ತಿದ್ದಾರೆ ಎಂಬ ಹಳೇ ಅನುಮಾನ ಒಂದು ರಾತ್ರಿ ಬಂದುಹೋಯಿತು. ಅದು ಮೆತ್‌ನದ್ದೇ ಕೆಲಸ ಎಂದು ಈಗ ಅವರಿಗೆ ಗೊತ್ತಿತ್ತು, ಹಾಗಾಗಿ ಗೆಳೆಯನಿಗೆ ಫೋನ್ ಮಾಡಿದರು. ಗುರುವಾರ ಎಂದಿನಂತೆ ನನ್ನ ಮುಂದೆ ಬಂದು ಕೂತರು. ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣದಲ್ಲಿ ಮುಖ್ಯವಾದದ್ದು ಆ ಗುರುವಾರ. ಬೈಸಿಕೊಳ್ಳುವ ಭಯ ಇದ್ದಿದ್ದರೆ ಬರುತ್ತಿರಲಿಲ್ಲ. ಬರದೇ ಇದ್ದಿದ್ದರೆ ಮುಂದಿನ ವಾರಾಂತ್ಯದ ಮಾತು ಆಡಲು ಯಾರೂ ಇರುತ್ತಿರಲಿಲ್ಲ.

ಈಗ ಹನ್ನೊಂದು ತಿಂಗಳು. ಜಿ ಮತ್ತೆ ಮುಟ್ಟಿಲ್ಲ. ಮೆತ್ ಇನ್ನೂ ಒಂದು ಸಲ ಆಯಿತು. ನಿದ್ದೆ ಪೂರ್ತಿ ಸರಿಹೋಗಿಲ್ಲ. ಅಕ್ಕನಿಗೆ ಉಳಿದರ್ಧ ಹೇಳಬೇಕೋ ಬೇಡವೋ ಎಂಬ ಮಾತು ನಡೆಯುತ್ತಲೇ ಇದೆ. ಒಬ್ಬರ ಜೊತೆ ಓಡಾಟ ಇದೆ, ಡ್ರಗ್ಸ್ ಇಲ್ಲದೆ. ನಾಚಿಕೆ ಜಾಸ್ತಿ, ಆದರೆ ಮಾರನೇ ದಿನ ಎಲ್ಲ ನೆನಪಿರುತ್ತೆ ಎಂದು ಹೇಳಿ ನಕ್ಕರು.

ಕಳೆದ ವಾರ ಭೇಟಿ ಮುಗಿಯುವ ಹೊತ್ತಿಗೆ ಫೋನ್ ತೆಗೆದು ಒಂದು ಮೆಸೇಜ್ ತೋರಿಸಿದರು. ಆವತ್ತು ಗೊರಕೆ ಹೊಡೆದ ಹುಡುಗನದ್ದು. ಅವನೂ ಈಗ ರಾತ್ರಿ ಅಲಾರಂ ಇಟ್ಟು ಏಳುತ್ತಿದ್ದಾನಂತೆ. ಸೋಮವಾರದಿಂದ ಎಲ್ಲ ಬಿಟ್ಟು, ಸ್ವಲ್ಪ ಸರಿಯಾದ ಮೇಲೆ ಕ್ಲಿನಿಕ್‌ಗೆ ಬರುತ್ತೇನೆ ಎಂದು ಬರೆದಿದ್ದ.

"ಏನಂತ ಉತ್ತರ ಕೊಡ್ಲಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಟೈಪ್ ಮಾಡತೊಡಗಿದ್ದರು. "ಏನೂ ನಿಲ್ಲಿಸ್ಬೇಡ. ಹೇಗಿದ್ದೀಯೋ ಹಾಗೇ ನಾಳೆ ಬಾ. ನಾನೂ ಜೊತೆಗೆ ಬರ್ತೀನಿ."